ಕುಂಟುಗಾಲಿನ ಗಾಯಕ ಜೀನ್ ವಿನ್ಸೆಂಟ್

1955ನೆಯ ಇಸವಿಯ ಜುಲೈ ತಿಂಗಳಲ್ಲಿ ಅಮೆರಿಕದ ವರ್ಜೀನಿಯಾ ಸಂಸ್ಥಾನದ ಪೋರ್ಟ್ಸ್‌ಮತ್ ನೌಕಾಪಡೆಯ ಆಸ್ಪತ್ರೆಗೆ ಇಪ್ಪತ್ತು ವರ್ಷದ ನಾವಿಕನೊಬ್ಬನನ್ನು ತಂದು ಮಲಗಿಸಿದರು. ಮೋಟಾರ್ ಸೈಕಲ್ ಅಪಘಾತದಲ್ಲಿ ಅವನ ಎಡಗಾಲು ನುಚ್ಚುನೂರಾಗಿತ್ತು. ಕಾಲನ್ನು ಕತ್ತರಿಸಿ ತೆಗೆಯದೆ ಬೇರೆ ದಾರಿಯಿಲ್ಲವೆಂದು ವೈದ್ಯರು ತೀರ್ಮಾನಿಸಿದರು. ಹುಡುಗ ಒಪ್ಪಲಿಲ್ಲ. ನೋವಿನಿಂದ ಒದ್ದಾಡುತ್ತಿದ್ದಾಗಲೂ ಆ ಒಂದು ಮಾತಿಗೆ ಮಾತ್ರ ಅವನು ಹಟ ಹಿಡಿದು ನಿಂತನು. ಕೊನೆಗೆ ವೈದ್ಯರೇ ಸೋತರು, ಕಾಲು ಉಳಿಯಿತು. ಆದರೆ ಉಳಿದ ಕಾಲು ಎಂದೂ ಪೂರ್ತಿಯಾಗಿ ವಾಸಿಯಾಗಲಿಲ್ಲ. ಮುಂದೆ ಹದಿನಾರು ವರ್ಷಗಳ ಕಾಲ ಅದು ಉಕ್ಕಿನ ಕವಚವೊಂದರೊಳಗೆ ಸೆರೆಯಾಗಿ, ಒಡೆಯನೊಂದಿಗೆ ಸಮುದ್ರಗಳನ್ನು ದಾಟಿ, ನೂರಾರು ವೇದಿಕೆಗಳನ್ನೇರಿ, ದಿನವೂ ನೋಯುತ್ತಲೇ ಇದ್ದಿತು. ಈ ನಾವಿಕನೇ ಜೀನ್ ವಿನ್ಸೆಂಟ್.

ಹೆಸರು ನಮ್ಮ ಓದುಗರಲ್ಲಿ ಬಹು ಮಂದಿಗೆ ಅಪರಿಚಿತವಾಗಿರಬಹುದು. ಎಲ್ವಿಸ್ ಪ್ರೀಸ್ಲಿಯ ಹೆಸರನ್ನು ಕೇಳದವರು ವಿರಳ. ಆದರೆ ಅದೇ ಕಾಲದಲ್ಲಿ, ಅದೇ ಬಗೆಯ ಸಂಗೀತದಲ್ಲಿ, ಕೆಲವೊಮ್ಮೆ ಅವನನ್ನೂ ಮೀರಿ ಹಾಡಿದ ಈ ಕುಂಟ ಗಾಯಕನನ್ನು ಲೋಕವು ಒಂದೇ ಹಾಡಿನ ನೆಪದಲ್ಲಿ ನೆನೆದು ಸುಮ್ಮನಾಗುತ್ತದೆ. ಅವನು ಹಾಡಿದ ಸಂಗೀತಕ್ಕೆ 'ರಾಕಬಿಲಿ' ಎಂದು ಹೆಸರು. 'ರಾಕ್' ಎಂಬುದಕ್ಕೆ, ಗುಡ್ಡಗಾಡಿನ ಹಳ್ಳಿಗರನ್ನು ಹಳಿಯಲು ಪಟ್ಟಣಿಗರು ಬಳಸುತ್ತಿದ್ದ 'ಹಿಲ್‌ಬಿಲಿ' ಎಂಬ ಪದದ ಬಾಲವನ್ನು ಅಂಟಿಸಿ ಮಾಡಿದ ಹೆಸರು ಇದು. ದಕ್ಷಿಣ ಸಂಸ್ಥಾನಗಳ ಬಿಳಿಯ ಬಡವರ ಹಳ್ಳಿಹಾಡು, ಅವರ ನೆರೆಯಲ್ಲೇ ಬಾಳುತ್ತಿದ್ದರೂ ಕಾಯಿದೆಯ ಗೋಡೆಯಾಚೆಗಿದ್ದ ಕರಿಯರ ಬ್ಲೂಸ್ ಹಾಡು, ಇವೆರಡೂ ಒಂದರೊಳಗೊಂದು ಬೆರೆತು 1954ರ ಸುಮಾರಿಗೆ ಮೆಂಫಿಸ್ ನಗರದಲ್ಲಿ ಹೊಸ ರೂಪ ತಳೆದುವು. ವಾದ್ಯಗಳೂ ಹೆಚ್ಚಿಲ್ಲ. ಆಳೆತ್ತರದ ಡಬಲ್ ಬಾಸ್ ಒಂದು, ಅದರ ತಂತಿಗಳನ್ನು ಎಳೆದು ಮರದ ಹಲಗೆಗೆ ಫಟ್ಟನೆ ಬಡಿಸುವ ಬೆರಳುಗಳು, ವಿದ್ಯುತ್ ಗಿಟಾರೊಂದು, ಕಂಠವು ಬಾವಿಯೊಳಗಿಂದ ಬಂದಂತೆ ಕೇಳಿಸುವ ಪ್ರತಿಧ್ವನಿ. ಹೆಚ್ಚೆಂದರೆ ನಾಲ್ಕೈದು ವರ್ಷ ಬಾಳಿದ ಸಂಗೀತ. ಆದರೂ ಅದರ ಬಿಸಿ ಇಂದಿಗೂ ಆರಿಲ್ಲ.

ಅವನ ಪೂರ್ಣ ಹೆಸರು ವಿನ್ಸೆಂಟ್ ಯೂಜೀನ್ ಕ್ರ್ಯಾಡಕ್. ಹುಟ್ಟಿದುದು 1935ನೆಯ ಫೆಬ್ರವರಿ 11ರಂದು, ವರ್ಜೀನಿಯಾದ ನಾರ್ಫಕ್ ಎಂಬ ಬಂದರು ಪಟ್ಟಣದಲ್ಲಿ. ಎರಡನೆಯ ಮಹಾಯುದ್ಧದ ಕಾಲದಲ್ಲಿ ತಂದೆ ಕರಾವಳಿ ಕಾವಲು ಪಡೆಯ ಸೇವೆಗೆ ಸೇರಿದನು. ತಾಯಿ ಉತ್ತರ ಕೆರೊಲೈನಾದ ಗಡಿಗೆ ಹತ್ತಿರದ ಮಂಡನ್ ಪಾಯಿಂಟ್ ಎಂಬಲ್ಲಿ ದಿನಸಿ ಅಂಗಡಿ ನಡೆಸುತ್ತಿದ್ದಳು. ಮುಂದೆ ಸಂಸಾರವು ನಾರ್ಫಕ್‌ಗೆ ಮರಳಿ, ಅಲ್ಲಿ ಅಂಗಡಿಯ ಜತೆಗೆ ನಾವಿಕರ ಸಮವಸ್ತ್ರ ಹೊಲಿಯುವ ದರ್ಜಿಯಂಗಡಿಯನ್ನೂ ಇಟ್ಟಿತು. ಹನ್ನೆರಡರ ವಯಸ್ಸಿನಲ್ಲಿ ಗೆಳೆಯನೊಬ್ಬನಿಂದ ಹುಡುಗನಿಗೆ ಗಿಟಾರು ಉಡುಗೊರೆಯಾಗಿ ದೊರೆಯಿತು. ಚರ್ಚಿನ ಭಕ್ತಿಗೀತೆ, ರೇಡಿಯೋದ ಹಳ್ಳಿಹಾಡು, ಕರಿಯರ ಬ್ಲೂಸ್, ಎಲ್ಲವೂ ಅವನ ಕಿವಿಗೆ ಬಿದ್ದುವು. ಗುರುಮುಖೇನ ಕಲಿತ ಸಂಗೀತ ಯಾವುದೂ ಇಲ್ಲ.

ಓದು ಅವನಿಗೆ ಹತ್ತಲಿಲ್ಲ. 1952ರಲ್ಲಿ ಶಾಲೆ ಬಿಟ್ಟು ನೌಕಾಪಡೆ ಸೇರಿದನು. ವಯಸ್ಸು ಹದಿನೇಳಾದುದರಿಂದ ತಂದೆತಾಯಿಗಳ ರುಜು ಬೇಕಾಯಿತು, ಅವರು ಹಾಕಿಕೊಟ್ಟರು. ಹಡಗುಗಳಿಗೆ ಎಣ್ಣೆ ಒದಗಿಸುವ 'ಚುಕವಾನ್' ಎಂಬ ನೌಕೆಯಲ್ಲಿ ಅವನಿಗೆ ಕೆಲಸ. ಕೊರಿಯಾ ಯುದ್ಧದ ಕಾಲದಲ್ಲಿ ಆ ಕಡಲಿಗೂ ಹೋಗಿ ಬಂದನಾದರೂ ಕದನವನ್ನು ಕಣ್ಣಾರೆ ಕಾಣಲಿಲ್ಲ. ನೌಕಾಪಡೆಯ ಬದುಕು ಅವನಿಗೆ ಒಗ್ಗಿತ್ತೆಂದೇ ತೋರುತ್ತದೆ. ಏಕೆಂದರೆ 1955ರಲ್ಲಿ ಸೇವೆಯನ್ನು ಮುಂದುವರಿಸುವುದಾಗಿ ಮತ್ತೆ ಕರಾರು ಬರೆದುಕೊಟ್ಟನು. ಅದಕ್ಕಾಗಿ ದೊರೆತ ಇನಾಮು 612 ಡಾಲರ್. ಆ ಹಣದಲ್ಲಿ ಇಂಗ್ಲೆಂಡಿನಲ್ಲಿ ತಯಾರಾದ ಹೊಸ ಟ್ರಯಂಫ್ ಮೋಟಾರ್ ಸೈಕಲ್ಲೊಂದನ್ನು ಕೊಂಡನು. ಜುಲೈನಲ್ಲಿ, ತನ್ನ ಊರಿನ ಬೀದಿಯಲ್ಲೇ, ಕಾರಿನ ಡಿಕ್ಕಿಗೆ ಸಿಕ್ಕಿ ಬಿದ್ದನು. ನೌಕಾಪಡೆ ಕೊಟ್ಟ ಹಣ ನೌಕಾಪಡೆಯ ಉದ್ಯೋಗವನ್ನೇ ಕಿತ್ತುಕೊಂಡಿತು. ಮರುವರ್ಷ ಅವನನ್ನು ಸೇವೆಯಿಂದ ಬಿಡುಗಡೆ ಮಾಡಿದರು.

ಆಸ್ಪತ್ರೆಯ ಹಾಸಿಗೆಯಲ್ಲಿ ತಿಂಗಳುಗಟ್ಟಲೆ ಮಲಗಿದ್ದವನಿಗೆ ಗಿಟಾರೇ ಸಂಗಾತಿಯಾಯಿತು. 'ಬಿ-ಬಾಪ್-ಎ-ಲೂಲಾ' ಎಂಬ ಹಾಡು ಹುಟ್ಟಿದುದು ಅಲ್ಲಿಯೇ. ಹುಟ್ಟಿನ ಕಥೆ ಮಾತ್ರ ಮೂರು ಬಗೆಯಾಗಿದೆ. ಮುದ್ರಿತ ದಾಖಲೆಯ ಪ್ರಕಾರ ಅದರ ಕರ್ತೃಗಳು ಜೀನ್ ವಿನ್ಸೆಂಟ್ ಮತ್ತು ಅವನ ವ್ಯವಸ್ಥಾಪಕನಾದ ಟೆಕ್ಸ್ ಡೇವಿಸ್. ಲೂಲು ಎಂಬ ಪುಟ್ಟ ಹುಡುಗಿಯ ವ್ಯಂಗ್ಯಚಿತ್ರಮಾಲೆಯನ್ನು ಓದುತ್ತಾ ಕುಳಿತಾಗ ಹೊಳೆದುದೆಂದು ವಿನ್ಸೆಂಟನೇ ಹೇಳುತ್ತಿದ್ದನು. ಮೂರನೆಯ ಕಥೆಯಂತೆ, ಅದೇ ಆಸ್ಪತ್ರೆಯಲ್ಲಿದ್ದ ಡೊನಾಲ್ಡ್ ಗ್ರೇವ್ಸ್ ಎಂಬ ಸೈನಿಕನು ಹಾಡು ಕಟ್ಟುವುದರಲ್ಲಿ ಪಾಲುಗಾರನಾಗಿದ್ದು, ತನ್ನ ಪಾಲನ್ನು ಡೇವಿಸನಿಗೆ 25 ಡಾಲರುಗಳಿಗೆ ಮಾರಿದನಂತೆ. ಇದು ನಿಜವಾದ ಪಕ್ಷದಲ್ಲಿ, ಸಾಹಿತ್ಯದ ಹಕ್ಕುಗಳ ಚರಿತ್ರೆಯಲ್ಲಿ ಇಷ್ಟು ಅಗ್ಗದ ವ್ಯಾಪಾರಗಳು ಹೆಚ್ಚು ನಡೆದಿರಲಾರವು. ಹಾಡಿನ ಪಲ್ಲವಿಗೆ ಅರ್ಥವೆಂಬುದೇ ಇಲ್ಲ. ಗೀಗೀ ಪದದ ಸೊಲ್ಲಿನಲ್ಲಿ ನಾವು ಅರ್ಥವನ್ನು ಹುಡುಕುವುದುಂಟೆ? ಅಂತೆಯೇ ಇದೂ. ಕೇಳುವವನ ಮೈಗೆ ಅದು ತಿಳಿಯುತ್ತದೆ, ಅಷ್ಟೆ.

ಆ ವರ್ಷದ ಸೆಪ್ಟೆಂಬರಿನಲ್ಲಿ ಹ್ಯಾಂಕ್ ಸ್ನೋ ಎಂಬ ಹಳ್ಳಿಹಾಡಿನ ಗಾಯಕನ ಸಂಚಾರಿ ಮೇಳವು ನಾರ್ಫಕ್‌ಗೆ ಬಂದಿತು. ಮೇಳದಲ್ಲಿ ಇಪ್ಪತ್ತು ವರ್ಷದ ಎಲ್ವಿಸ್ ಪ್ರೀಸ್ಲಿಯೂ ಇದ್ದನು. ವಿನ್ಸೆಂಟ್ ಆ ಕಾರ್ಯಕ್ರಮವನ್ನು ನೋಡಿದನೆಂದು ಹೇಳುತ್ತಾರೆ. ನೋಡಿದ್ದರೆ ಅವನ ಮನಸ್ಸಿನಲ್ಲಿ ಏನಾಗಿರಬಹುದೆಂದು ಊಹಿಸುವುದು ಕಷ್ಟವಲ್ಲ. ತನ್ನ ವಯಸ್ಸಿನವನೇ ಆದ ಒಬ್ಬ ಹುಡುಗ ಎರಡು ಸೊಂಪಾದ ಕಾಲುಗಳ ಮೇಲೆ ಕುಣಿಯುತ್ತ ಸಭೆಯನ್ನೆಲ್ಲ ಹುಚ್ಚೆಬ್ಬಿಸುತ್ತಿದ್ದನು. ಇವನ ಕಾಲು ಇನ್ನೂ ಕೂಡಿಕೊಂಡಿರಲಿಲ್ಲ.

ನಾರ್ಫಕ್‌ನ ಡಬ್ಲ್ಯು.ಸಿ.ಎಂ.ಎಸ್. ಎಂಬ ರೇಡಿಯೋ ಕೇಂದ್ರವು ಸ್ಥಳೀಯ ಪ್ರತಿಭೆಗಳಿಗೆಂದು ಹಾಡಿನ ಕಾರ್ಯಕ್ರಮವನ್ನು ನಡೆಸುತ್ತಿದ್ದಿತು. ಊರುಗೋಲಿನೊಂದಿಗೆ ವಿನ್ಸೆಂಟ್ ಅಲ್ಲಿಗೆ ಹೋಗಿ ಹಾಡತೊಡಗಿದನು. ಆ ಕೇಂದ್ರದ ಕೆಲಸಗಾರನಾಗಿದ್ದ ಟೆಕ್ಸ್ ಡೇವಿಸನಿಗೆ ವ್ಯಾಪಾರದ ಕಣ್ಣಿತ್ತು. ಆ ವೇಳೆಗೆ ಆರ್.ಸಿ.ಎ. ಕಂಪೆನಿಯು ಪ್ರೀಸ್ಲಿಯನ್ನು ಮೆಂಫಿಸ್‌ನ ಸಣ್ಣ ಕಂಪೆನಿಯೊಂದರಿಂದ 35,000 ಡಾಲರುಗಳಿಗೆ ಕೊಂಡುಕೊಂಡಿತ್ತು. 1956ರ ಆರಂಭದಲ್ಲಿ ಅವನ ಪ್ಲೇಟುಗಳು ದೇಶವನ್ನೆಲ್ಲ ಆವರಿಸಿದ್ದುವು. ಪ್ರತಿಸ್ಪರ್ಧಿಯಾದ ಕ್ಯಾಪಿಟಲ್ ಕಂಪೆನಿಗೆ ತನ್ನದೇ ಆದ ಒಬ್ಬ ಪ್ರೀಸ್ಲಿ ಬೇಕಾಗಿದ್ದನು. ಡೇವಿಸ್ ಮಾದರಿಯ ಮುದ್ರಣವೊಂದನ್ನು ಆ ಕಂಪೆನಿಯ ಕೆನ್ ನೆಲ್ಸನ್‌ಗೆ ಕಳುಹಿಸಿದನು. ಹೀಗೆ ಇನ್ನೊಬ್ಬನ ಪಡಿಯಚ್ಚಾಗಲೆಂದು ಆರಿಸಲ್ಪಟ್ಟುದೇ ವಿನ್ಸೆಂಟನ ಭಾಗ್ಯೋದಯ. ಜೀವನಪರ್ಯಂತ ಅವನನ್ನು ಕಾಡಿದ ಶನಿಯೂ ಅದೇ.

ಹಿಮ್ಮೇಳಕ್ಕೆ ಊರಿನವರೇ ಒದಗಿದರು. ಜ್ಯಾಕ್ ನೀಲ್ ಡಬಲ್ ಬಾಸ್, ವಿಲಿ ವಿಲಿಯಮ್ಸ್ ತಾಳದ ಗಿಟಾರು, ಇನ್ನೂ ಹದಿನೈದರ ಪೋರನಾಗಿದ್ದ ಡಿಕಿ ಹ್ಯಾರೆಲ್ ಡ್ರಮ್ಮು. ಮುಖ್ಯ ಗಿಟಾರು ಕ್ಲಿಫ್ ಗ್ಯಾಲಪ್‌ನದು. ಇವನ ವಿಷಯ ಮುಂದೆ ಹೇಳಬೇಕಾಗಿದೆ. ತಂಡಕ್ಕೆ 'ಬ್ಲೂ ಕ್ಯಾಪ್ಸ್' ಎಂದು ಹೆಸರಾಯಿತು. ಅದು ಸಾಮಾನ್ಯ ನಾವಿಕರನ್ನು ಕರೆಯುವ ಹೆಸರು. ಅಧ್ಯಕ್ಷ ಐಸೆನ್‌ಹೋವರ್ ಗಾಲ್ಫ್ ಆಡುವಾಗ ಧರಿಸುತ್ತಿದ್ದ ನೀಲಿ ಟೋಪಿಯಿಂದಲೂ ಅದು ಬಂದಿತೆನ್ನುವುದುಂಟು.

1956ನೆಯ ಮೇ 4ರಂದು ಈ ಐವರೂ ನ್ಯಾಶ್‌ವಿಲ್ ನಗರದ ಓವನ್ ಬ್ರ್ಯಾಡ್ಲಿಯ ಧ್ವನಿಮುದ್ರಣ ಶಾಲೆಗೆ ಬಂದಿಳಿದರು. ಹಳ್ಳಿಯ ಹುಡುಗರ ಕೈಚಳಕದಲ್ಲಿ ಕೆನ್ ನೆಲ್ಸನ್‌ಗೆ ನಂಬಿಕೆಯಿರಲಿಲ್ಲ. ಇವರಿಂದ ಆಗದಿದ್ದರೆ ಇರಲೆಂದು ಆ ನಗರದ ನುರಿತ ವಾದಕರನ್ನು ಮೊದಲೇ ಗೊತ್ತುಮಾಡಿ ಕರೆಸಿಟ್ಟಿದ್ದನು. ಆ ನುರಿತವರ ಎದುರಿಗೇ ಕ್ಲಿಫ್ ಗ್ಯಾಲಪ್ ಗಿಟಾರನ್ನೆತ್ತಿಕೊಂಡು ಒಂದು ಸಲ ನುಡಿಸಿದನು. ಅದನ್ನು ಕೇಳಿದ ಮೇಲೆ ಕಾದಿದ್ದವರ ಅಗತ್ಯ ಬೀಳಲಿಲ್ಲ. ಅಂದು ಮುದ್ರಣವಾದ ಹಾಡುಗಳಲ್ಲಿ 'ಬಿ-ಬಾಪ್-ಎ-ಲೂಲಾ' ಒಂದು. ಹಾಡಿನ ನಡುವೆ ಇದ್ದಕ್ಕಿದ್ದಂತೆ ಒಂದು ಕೂಗು ಕೇಳಿಸುತ್ತದೆ. ಅದು ಡ್ರಮ್ಮಿನ ಹುಡುಗ ಡಿಕಿ ಹ್ಯಾರೆಲ್‌ನದು. ಪ್ಲೇಟಿನಲ್ಲಿ ತಾನೂ ಇದ್ದೇನೆಂಬುದು ತನ್ನ ತಾಯಿಗೆ ಗೊತ್ತಾಗಲೆಂದು ಹಾಗೆ ಕೂಗಿದನೆಂದು ಕಥೆ. ಇಂತಹ ಸಂಗತಿಗಳು ನಿಜವಾಗಿರಬೇಕೆಂದು ಮನಸ್ಸು ಆಸೆಪಡುತ್ತದೆ.

ಆ ಮುದ್ರಣವನ್ನು ಇಂದು ಕೇಳಿದರೂ ಮೊದಲು ಗಮನಕ್ಕೆ ಬರುವುದು ಅದರ ಸಾವಧಾನ. ಪ್ರೀಸ್ಲಿಯ ಅನುಕರಣೆಯೆಂದು ಕರೆಸಿಕೊಂಡ ಈ ಹಾಡಿನಲ್ಲಿ ಅಬ್ಬರಕ್ಕಿಂತ ಪಿಸುಮಾತೇ ಹೆಚ್ಚು. ವಿನ್ಸೆಂಟನದು ತೆಳುವಾದ, ಮೃದುವಾದ, ಉಸಿರು ತುಂಬಿದ ಕಂಠ. ಪದವೊಂದನ್ನು ಹಿಡಿದು, ಬಿಡಲೊಲ್ಲದೆ, ನಡುಕದೊಂದಿಗೆ ಕೆಳಗಿಳಿಸುವ ರೀತಿ ಅವನದೇ. ಆದರೂ ಹೋಲಿಕೆ ಎಷ್ಟಿತ್ತೆಂದರೆ, ಪ್ಲೇಟು ಹೊರಬಿದ್ದಾಗ ಪ್ರೀಸ್ಲಿಯ ಸ್ವಂತ ಹಿಮ್ಮೇಳದವರೇ, ತಮಗೆ ತಿಳಿಸದೆ ಅವನು ಬೇರೆಯವರೊಡನೆ ಹಾಡಿದನೆಂದು ಮುನಿಸಿಕೊಂಡರೆಂದು ಹೇಳುತ್ತಾರೆ.

ಕಂಪೆನಿಯವರು ಪ್ಲೇಟಿನ ಮುಂಬದಿಗೆ 'ವುಮನ್ ಲವ್' ಎಂಬ ಬೇರೊಂದು ಹಾಡನ್ನು ಹಾಕಿ ಇದನ್ನು ಹಿಂಬದಿಗೆ ತಳ್ಳಿದ್ದರು. ರೇಡಿಯೋದವರು ತಾವಾಗಿ ಪ್ಲೇಟನ್ನು ಮಗುಚಿ ಹಾಕಿದರು. 1956ರ ಬೇಸಿಗೆಯಲ್ಲಿ ಹಾಡು 'ಬಿಲ್‌ಬೋರ್ಡ್' ಪತ್ರಿಕೆಯ ಪಟ್ಟಿಯಲ್ಲಿ 7ನೆಯ ಸ್ಥಾನಕ್ಕೇರಿ, 20 ವಾರಗಳ ಕಾಲ ಪಟ್ಟಿಯಲ್ಲಿ ನಿಂತಿತು. ಕರಿಯರ ಸಂಗೀತದ ಪ್ರತ್ಯೇಕ ಪಟ್ಟಿಯಲ್ಲೂ ಅದಕ್ಕೆ ಸ್ಥಾನ ದೊರೆಯಿತು. ಹತ್ತು ಲಕ್ಷಕ್ಕೂ ಮಿಕ್ಕಿ ಪ್ರತಿಗಳು ಮಾರಾಟವಾದುವು. ವರ್ಷದ ಹಿಂದೆ ಕಾಲು ಕತ್ತರಿಸುವುದು ಬೇಡವೆಂದು ಗೋಗರೆಯುತ್ತಿದ್ದ ನಾವಿಕನು ಹಾಲಿವುಡ್ಡಿನ 'ದ ಗರ್ಲ್ ಕಾಂಟ್ ಹೆಲ್ಪ್ ಇಟ್' ಎಂಬ ಬಣ್ಣದ ಚಿತ್ರದಲ್ಲಿ ಕಾಣಿಸಿಕೊಂಡನು.

ಈಗ ಕ್ಲಿಫ್ ಗ್ಯಾಲಪ್‌ನ ವಿಷಯ. ಈ ಗೃಹಸ್ಥನು ತಂಡದ ಉಳಿದವರಿಗಿಂತ ಹಿರಿಯ, ಮದುವೆಯಾದವನು, ಮನೆ ಬಿಟ್ಟು ಅಲೆಯುವುದರಲ್ಲಿ ಆಸೆಯಿಲ್ಲದವನು. 1956ನೆಯ ಒಂದೇ ವರ್ಷದಲ್ಲಿ, ಕೆಲವೇ ಮುದ್ರಣ ಗೋಷ್ಠಿಗಳಲ್ಲಿ, ಅವನು ವಿನ್ಸೆಂಟನೊಂದಿಗೆ 35 ಹಾಡುಗಳಿಗೆ ಗಿಟಾರು ನುಡಿಸಿದನು. 'ರೇಸ್ ವಿತ್ ದ ಡೆವಿಲ್', 'ಬ್ಲೂಜೀನ್ ಬಾಪ್' ಮೊದಲಾದುವುಗಳಲ್ಲಿ ಅವನ ಬೆರಳುಗಳು ಓಡಿದ ಪರಿಯನ್ನು ಮಾತಿನಲ್ಲಿ ಹೇಳಲಾಗದು. ಜಾಸ್ ವಾದಕರ ನಯ, ಹಳ್ಳಿಗಾಡಿನ ಚುರುಕು, ಎರಡೂ ಒಟ್ಟಿಗೆ ಸೇರಿ ಮಿಂಚಿನಂತೆ ಬಂದು ಮರೆಯಾಗುತ್ತವೆ. ನನ್ನ ಅಭಿಪ್ರಾಯದಲ್ಲಿ ಆ ಹಾಡುಗಳ ಅರ್ಧ ಜೀವ ಗ್ಯಾಲಪ್‌ನದು. ಆ ವರ್ಷ ಮುಗಿಯುವುದರೊಳಗೆ ಅವನು ತಂಡವನ್ನು ಬಿಟ್ಟು ಮನೆಗೆ ಹೋದನು. ಮುಂದೆ ವರ್ಜೀನಿಯಾದ ಚೆಸಪೀಕ್ ಪಟ್ಟಣದ ಶಾಲೆಗಳಲ್ಲಿ ದುರಸ್ತಿ ಮತ್ತು ವಾಹನಗಳ ವಿಭಾಗದ ಮೇಲ್ವಿಚಾರಕನಾಗಿ ದುಡಿದು 1988ರಲ್ಲಿ ತೀರಿಕೊಂಡನು. ಬಿಡುವಿನ ವೇಳೆಯಲ್ಲಿ ಊರಿನ ಮೇಳಗಳಲ್ಲಿ ನುಡಿಸುತ್ತಿದ್ದುದುಂಟು. ಕೀರ್ತಿಯ ಗೊಡವೆಗೆ ಹೋಗಲಿಲ್ಲ. ಇಂಗ್ಲೆಂಡಿನ ಪ್ರಸಿದ್ಧ ಗಿಟಾರ್ ವಾದಕ ಜೆಫ್ ಬೆಕ್, 1993ರಲ್ಲಿ ಇಡಿಯ ಒಂದು ಪ್ಲೇಟನ್ನೇ ವಿನ್ಸೆಂಟನ ಹಾಡುಗಳಿಗೆ ಮೀಸಲಿಟ್ಟು, ಗ್ಯಾಲಪ್ ನುಡಿಸಿದ ಒಂದೊಂದು ಸ್ವರವನ್ನೂ ಶಿಷ್ಯಭಾವದಿಂದ ಮತ್ತೆ ನುಡಿಸಿದನು. ಒಂದೇ ವೇದಿಕೆಯಿಂದ ಇಬ್ಬರು ಹೊರಟರು. ಒಬ್ಬನು ಮನೆಯ ದಾರಿ ಹಿಡಿದು ಉಳಿದನು. ಇನ್ನೊಬ್ಬನಿಗೆ ಮನೆಯ ದಾರಿಯೇ ತಿಳಿಯಲಿಲ್ಲ.

ವಿನ್ಸೆಂಟ್ ಹೊರಟುದು ಊರಿಂದೂರಿಗೆ, ರಾತ್ರಿಯಿಂದ ರಾತ್ರಿಗೆ. ಗ್ಯಾಲಪ್‌ನ ಸ್ಥಾನಕ್ಕೆ ಜಾನಿ ಮೀಕ್ಸ್ ಬಂದನು. 1957ರಲ್ಲಿ 'ಲಾಟ ಲವಿನ್' ಎಂಬ ಹಾಡು ಪಟ್ಟಿಯಲ್ಲಿ 13ರವರೆಗೆ ಏರಿತು. ನವೆಂಬರಿನಲ್ಲಿ ಎಡ್ ಸಲ್ಲಿವನ್‌ನ ಟೆಲಿವಿಷನ್ ಕಾರ್ಯಕ್ರಮದಲ್ಲಿ 'ಡಾನ್ಸ್ ಟು ದ ಬಾಪ್' ಎಂಬುದನ್ನು ಹಾಡಿದನು. 1958ರ ಆರಂಭದಲ್ಲಿ ಅದು 23ನೆಯ ಸ್ಥಾನ ಮುಟ್ಟಿತು. ಅಮೆರಿಕದಲ್ಲಿ ಅವನಿಗೆ ದೊರೆತ ಕೊನೆಯ ಯಶಸ್ಸು ಅದು. ಆಗ ಅವನಿಗೆ ಇಪ್ಪತ್ಮೂರು ವರ್ಷವೂ ತುಂಬಿರಲಿಲ್ಲ.

ವೇದಿಕೆಯ ಮೇಲೆ ಅವನನ್ನು ನೋಡಿದವರು ಮರೆಯುತ್ತಿರಲಿಲ್ಲ. ಮಡಿಸಲಾಗದ ಎಡಗಾಲನ್ನು ಹಿಂದಕ್ಕೆ ಚಾಚಿ, ಬಲಮಂಡಿಯನ್ನು ಬಗ್ಗಿಸಿ, ಮೈಕಿನ ಕಂಬವನ್ನೇ ಊರುಗೋಲಿನಂತೆ ಅಪ್ಪಿಕೊಂಡು, ಕಣ್ಣನ್ನು ಛಾವಣಿಯ ಯಾವುದೋ ಮೂಲೆಯಲ್ಲಿ ನೆಟ್ಟು ಹಾಡುವನು. ಆವೇಶ ಬಂದಾಗ ಆ ಕಬ್ಬಿಣ ತೊಟ್ಟ ಕಾಲನ್ನೇ ಎತ್ತಿ ಮೈಕಿನ ಮೇಲಿಂದ ಬೀಸುವನು. ವೈದ್ಯರು ಹೇಳಿದ ವಿಶ್ರಾಂತಿಯ ಮಾತು ಅವನ ಕಿವಿಗೆ ಬೀಳಲೇ ಇಲ್ಲ. ಮೂಳೆಯ ಸೋಂಕು ಮತ್ತೆ ಮತ್ತೆ ಮರುಕಳಿಸಿತು. ನೋವಿಗೆ ಗುಳಿಗೆ, ಗುಳಿಗೆಯ ಮೇಲೆ ವಿಸ್ಕಿ. ಕುಡಿತದ ಹಿಂದೆಯೇ ಸಿಟ್ಟು, ಸಂಶಯ, ಜಗಳ. ನಾಲ್ಕು ಸಲ ಮದುವೆಯಾದನು, ಯಾವುದೂ ನಿಲ್ಲಲಿಲ್ಲ. ಜತೆಯ ವಾದಕರು ಅವನ ಸೌಜನ್ಯವನ್ನು ಹೇಳುವಷ್ಟೇ ಅವನ ಕೈಯಲ್ಲಿರುತ್ತಿದ್ದ ಪಿಸ್ತೂಲಿನ ಭಯವನ್ನೂ ಹೇಳುತ್ತಾರೆ. ಇದನ್ನೆಲ್ಲ ಮುಚ್ಚಿಡುವುದು ಚರಿತ್ರಕಾರನ ಧರ್ಮವಲ್ಲ. ಎಲ್ಲವನ್ನೂ ಕಾಲಿನ ಮೇಲೆ ಹೊರಿಸುವುದೂ ಸರಿಯಲ್ಲ. ನೋವನ್ನುಂಡೂ ನೆಟ್ಟಗೆ ಬಾಳಿದವರು ಲೋಕದಲ್ಲಿ ಬೇಕಾದಷ್ಟು ಮಂದಿ ಇದ್ದಾರೆ.

ಆ ಸಂಗೀತದ ಕಾಲವೂ ಬೇಗನೆ ಉರುಳಿತು. 1957ರ ಅಕ್ಟೋಬರಿನಲ್ಲಿ ವಿನ್ಸೆಂಟ್, ಎಡ್ಡಿ ಕಾಕ್ರನ್, ಲಿಟ್ಲ್ ರಿಚರ್ಡ್ ಮೂವರೂ ಆಸ್ಟ್ರೇಲಿಯಾದಲ್ಲಿ ಪ್ರವಾಸ ಮಾಡುತ್ತಿದ್ದಾಗ, ರಿಚರ್ಡನಿಗೆ ಇದ್ದಕ್ಕಿದ್ದಂತೆ ವೈರಾಗ್ಯ ಹುಟ್ಟಿತು. ರಷ್ಯದವರ ಮೊದಲ ಕೃತಕ ಉಪಗ್ರಹವು ಆಕಾಶವನ್ನೇರಿದ ತಿಂಗಳು ಅದು. ಲೋಕಾಂತ್ಯದ ಸೂಚನೆಗಳು ಅವನಿಗೆ ಕಂಡುವು. ಕೈಯ ವಜ್ರದುಂಗುರಗಳನ್ನು ನೀರಿಗೆಸೆದು, ಧರ್ಮಬೋಧಕನಾಗುವೆನೆಂದು ಅವನು ಊರಿಗೆ ಮರಳಿದನು. 1958ರಲ್ಲಿ ಪ್ರೀಸ್ಲಿ ಸೈನ್ಯಕ್ಕೆ ಸೇರಿದನು. 1959ರ ಫೆಬ್ರವರಿಯಲ್ಲಿ ಬಡಿ ಹಾಲಿ ವಿಮಾನಾಪಘಾತದಲ್ಲಿ ಮಡಿದನು. ಅಷ್ಟರಲ್ಲಿ ವಿನ್ಸೆಂಟನ ಮನೆಯ ಲೆಕ್ಕವೂ ಕೆಟ್ಟಿತ್ತು. ತೆರಿಗೆಯ ಬಾಕಿ ತೀರಿಸಲು ತಂಡದ ವಾದ್ಯ ಸಲಕರಣೆಗಳನ್ನು ಮಾರಿದನೆಂದೂ ವಾದಕರಿಗೆ ಸಂಬಳ ಕೊಡಲಿಲ್ಲವೆಂದೂ ದೂರು ಬಂದು, ವಾದಕರ ಸಂಘದೊಡನೆ ವ್ಯಾಜ್ಯ ಬೆಳೆಯಿತು. ಸ್ವದೇಶದಲ್ಲಿ ನಿಲ್ಲುವ ಮುಖವಿಲ್ಲದೆ ಸಮುದ್ರ ದಾಟಿದನು.

1959ನೆಯ ಡಿಸೆಂಬರಿನಲ್ಲಿ ಅವನು ಇಂಗ್ಲೆಂಡಿಗೆ ಬಂದಿಳಿದಾಗ ಟೆಲಿವಿಷನ್ ನಿರ್ಮಾಪಕ ಜ್ಯಾಕ್ ಗುಡ್ ಅವನನ್ನು ಎದುರುಗೊಳ್ಳಲು ಕಾದಿದ್ದನು. ಆಕ್ಸ್‌ಫರ್ಡಿನಲ್ಲಿ ಓದಿ, ಷೇಕ್ಸ್‌ಪಿಯರನ ನಾಟಕಗಳನ್ನು ಅರೆದು ಕುಡಿದಿದ್ದ ಗುಡ್, ಹಾಡುಗಳನ್ನು ಕೇಳಿ ಒಬ್ಬ ಭಯಂಕರ ಪುರುಷನನ್ನು ಕಲ್ಪಿಸಿಕೊಂಡಿದ್ದನಂತೆ. ಎದುರಿಗೆ ಬಂದು ನಿಂತವನೋ ಸಣಕಲು ಮೈಯ, ವಿನಯದ ಮಾತಿನ ದಕ್ಷಿಣದೇಶದ ಹುಡುಗ. ನಿರ್ಮಾಪಕನು ಎದೆಗುಂದಲಿಲ್ಲ. ಗಾಯಕನಿಗೆ ಅಡಿಯಿಂದ ಮುಡಿಯವರೆಗೆ ಕಪ್ಪು ತೊಗಲಿನ ಉಡುಪು ತೊಡಿಸಿ, ಕೈಗೆ ಕಪ್ಪು ಗವಸು ಹಾಕಿಸಿ, ಕೊರಳಿಗೆ ಪದಕ ತೂಗುಹಾಕಿ, ಮೂರನೆಯ ರಿಚರ್ಡನಂತೆಯೂ ಹ್ಯಾಮ್ಲೆಟ್‌ನಂತೆಯೂ ಅವನನ್ನು ಸಜ್ಜುಗೊಳಿಸಿದನು. ರಂಗದ ಮೆಟ್ಟಿಲುಗಳನ್ನು ಇಳಿದು ಬರುವಾಗ ವಿನ್ಸೆಂಟ್ ತನ್ನ ಊನವನ್ನು ಆದಷ್ಟು ಮರೆಮಾಚಲು ಹೆಣಗಿದನು. ಪಕ್ಕದ ಪರದೆಯ ಮರೆಯಲ್ಲಿ ನಿಂತಿದ್ದ ಗುಡ್, ಚೆನ್ನಾಗಿ ಕುಂಟುವಂತೆ ಬೈದು ಕೂಗಿದನು. ಈ ಪ್ರಸಂಗವನ್ನು ಗುಡ್ ಮುಂದೆ ನಗುನಗುತ್ತ ಹೇಳಿಕೊಳ್ಳುತ್ತಿದ್ದನು. ನಮಗೆ ನಗು ಅಷ್ಟು ಸುಲಭವಾಗಿ ಬರುವುದಿಲ್ಲ. ಮರೆಮಾಚಬೇಕೆಂದಿದ್ದ ನೋವು ಅಂದಿನಿಂದ ಅವನ ಅಲಂಕಾರದ ಒಂದಂಗವಾಯಿತು. ನಿರ್ಮಾಪಕನ ಕಣ್ಣು ಮಾತ್ರ ತಪ್ಪಿರಲಿಲ್ಲ. ರಾಕ್ ಗಾಯಕನೆಂದರೆ ಕಪ್ಪು ತೊಗಲಿನ ಅಂಗಿಯೆಂಬ ವಾಡಿಕೆ ಬಹುಮಟ್ಟಿಗೆ ಅಲ್ಲಿಂದ ಬೆಳೆದು ಬಂದಿತು.

ಬ್ರಿಟನ್ ಅವನನ್ನು ತಲೆಯ ಮೇಲೆ ಹೊತ್ತುಕೊಂಡಿತು. 1960ರ ಜನವರಿಯಿಂದ ಎಡ್ಡಿ ಕಾಕ್ರನ್ ಜತೆಗೂಡಿದನು. ಕಾಕ್ರನ್ ಇಪ್ಪತ್ತೊಂದರ ತರುಣ. ಸ್ವತಃ ಹಾಡು ಕಟ್ಟುವವನು, ಗಿಟಾರಿನಲ್ಲಿ ನಿಪುಣ, ಸ್ವಭಾವದಲ್ಲಿ ಹಸನ್ಮುಖಿ. ವಿನ್ಸೆಂಟನ ಹರಿತವಾದ ಕೋಪವನ್ನು ತಣಿಸಬಲ್ಲ ಗೆಳೆಯನೆಂದರೆ ಅವನೊಬ್ಬನೇ ಎನ್ನುತ್ತಿದ್ದರು. ಮೂರು ತಿಂಗಳು ಇಬ್ಬರೂ ರೈಲಿನಲ್ಲಿ, ಬಸ್ಸಿನಲ್ಲಿ, ಚಳಿಯ ನಾಟಕಶಾಲೆಗಳಲ್ಲಿ ಅಲೆದರು. ಏಪ್ರಿಲ್ 16ರ ಶನಿವಾರ ರಾತ್ರಿ ಬ್ರಿಸ್ಟಲ್ ನಗರದ ಹಿಪೊಡ್ರೋಮ್ ರಂಗಮಂದಿರದಲ್ಲಿ ಕೊನೆಯ ಆಟ ಮುಗಿಯಿತು. ಮರುದಿನ ಈಸ್ಟರ್ ಭಾನುವಾರ. ವಿಮಾನ ಹಿಡಿಯುವ ಆತುರದಲ್ಲಿ ಬಾಡಿಗೆಯ ಫೋರ್ಡ್ ಕಾರನ್ನೇರಿ ಆ ರಾತ್ರಿಯೇ ಲಂಡನ್ನಿನತ್ತ ಹೊರಟರು. ಕಾಕ್ರನ್‌ನ ಪ್ರೇಯಸಿಯೂ ಗೀತರಚನಕಾರ್ತಿಯೂ ಆದ ಶರನ್ ಶೀಲಿ ಜತೆಯಲ್ಲಿದ್ದಳು. ವಿಲ್ಟ್‌ಶೈರ್ ಪ್ರಾಂತದ ಚಿಪ್ಪನ್‌ಹ್ಯಾಮ್ ಪಟ್ಟಣದ ರೌಡನ್ ಹಿಲ್ ಎಂಬ ಇಳಿಜಾರಿನಲ್ಲಿ, ವೇಗವಾಗಿ ಬರುತ್ತಿದ್ದ ಕಾರು ಹತೋಟಿ ತಪ್ಪಿ ದೀಪದ ಕಂಬಕ್ಕೆ ಬಡಿಯಿತು. ಕಾಕ್ರನ್ ಹೊರಗೆ ಎಸೆಯಲ್ಪಟ್ಟನು. ಬಾತ್ ನಗರದ ಆಸ್ಪತ್ರೆಯಲ್ಲಿ ಮರುದಿನ ಸಂಜೆ ಅವನ ಪ್ರಾಣ ಹೋಯಿತು. ವಿನ್ಸೆಂಟನ ಪಕ್ಕೆಲುಬುಗಳೂ ಕೊರಳೆಲುಬೂ ಮುರಿದುವು. ಐದು ವರ್ಷಗಳ ಹಿಂದೆ ಹಟದಿಂದ ಉಳಿಸಿಕೊಂಡಿದ್ದ ಕಾಲಿಗೆ ಮತ್ತೆ ಏಟು ಬಿದ್ದಿತು. ಕಾರಿನ ಚಾಲಕನಿಗೆ ನ್ಯಾಯಾಲಯದಲ್ಲಿ ಶಿಕ್ಷೆಯಾಯಿತು. ಕಾಕ್ರನ್ ತೀರಿಕೊಂಡ ಮೇಲೆ ಅವನ 'ತ್ರೀ ಸ್ಟೆಪ್ಸ್ ಟು ಹೆವನ್' ಬ್ರಿಟನ್ನಿನಲ್ಲಿ ಮೊದಲನೆಯ ಸ್ಥಾನಕ್ಕೇರಿತು.

ಆ ದುರಂತಕ್ಕೆ ಮೂರು ವಾರ ತುಂಬುವ ಮೊದಲೇ, ಮೇ 3ರಂದು, ವಿನ್ಸೆಂಟ್ ಲಿವರ್‌ಪೂಲಿನ ಮುಷ್ಟಿಯುದ್ಧದ ಅಖಾಡವೊಂದರಲ್ಲಿ ಹಾಡಿದನು. ಕಾಕ್ರನ್ ಕೂಡ ಅಲ್ಲಿ ಹಾಡಬೇಕಾಗಿತ್ತು. ಅಂದಿನ ಸಭೆಯಲ್ಲಿ, ಇನ್ನೂ ಹೆಸರು ಗಟ್ಟಿಯಾಗದ ಸ್ಥಳೀಯ ತಂಡವೊಂದರ ಹುಡುಗರು ಕುಳಿತು ಕೇಳುತ್ತಿದ್ದರು. ಮುಂದೆ ಬೀಟಲ್ಸ್ ಎಂದು ಲೋಕವನ್ನಾಳಿದವರು ಅವರೇ. ಅವರಿಗೆ ವಿನ್ಸೆಂಟ್ ಹೊಸಬನಲ್ಲ. 1957ನೆಯ ಜುಲೈ 6ರಂದು ಲಿವರ್‌ಪೂಲಿನ ವೂಲ್ಟನ್ ಎಂಬಲ್ಲಿ ಚರ್ಚಿನ ಜಾತ್ರೆಯೊಂದರಲ್ಲಿ ಹದಿನಾರರ ಜಾನ್ ಲೆನನ್ ಹಾಡಿದ ಹಾಡುಗಳಲ್ಲಿ 'ಬಿ-ಬಾಪ್-ಎ-ಲೂಲಾ' ಒಂದಾಗಿದ್ದಿತು. ಅದೇ ದಿನ ಅವನಿಗೆ ಪಾಲ್ ಮೆಕಾರ್ಟ್ನಿಯ ಮೊದಲ ಪರಿಚಯವಾಯಿತು. ಮೆಕಾರ್ಟ್ನಿ ತನ್ನ ಸ್ವಂತ ಹಣದಿಂದ ಕೊಂಡ ಮೊದಲ ಪ್ಲೇಟೂ ಅದೇ. 1962ರಲ್ಲಿ ಹ್ಯಾಂಬರ್ಗಿನ ಸ್ಟಾರ್ ಕ್ಲಬ್ಬಿನಲ್ಲಿಯೂ ಲಿವರ್‌ಪೂಲಿನ ಕ್ಯಾವರ್ನ್ ನೆಲಮಾಳಿಗೆಯಲ್ಲಿಯೂ ಗುರುಶಿಷ್ಯರು ಒಂದೇ ವೇದಿಕೆಯನ್ನು ಹಂಚಿಕೊಂಡರು. ಶಿಷ್ಯರೂ ಆ ದಿನಗಳಲ್ಲಿ ಕಪ್ಪು ತೊಗಲನ್ನೇ ಉಡುತ್ತಿದ್ದರು. ಎರಡು ವರ್ಷದೊಳಗೆ ಅವರು ಅಮೆರಿಕವನ್ನೇ ಗೆದ್ದರು. ಅವರು ಎಬ್ಬಿಸಿದ ಅಲೆಯಲ್ಲಿ ಮುಳುಗಿಹೋದ ಹಳಬರ ಸಾಲಿನಲ್ಲಿ ಗುರುವೂ ಒಬ್ಬನು.

ಅಲ್ಲಿಂದ ಮುಂದಿನ ಕಥೆ ಇಳಿಜಾರಿನದು. ಕ್ಯಾಪಿಟಲ್ ಕಂಪೆನಿಯ ನಂಟು ಕಡಿದುಹೋಯಿತು. 1965ರ ಸುಮಾರಿಗೆ ಅಮೆರಿಕಕ್ಕೆ ಮರಳಿದನು; ಅಲ್ಲಿ ಅವನ ನೆನಪು ಅಳಿಸಿತ್ತು. ಒಂದೆರಡು ಕಂಪೆನಿಗಳಿಗೆ ಹಾಡಿದ ಪ್ಲೇಟುಗಳು ಅಂಗಡಿಯ ಕಪಾಟಿನಲ್ಲೇ ಉಳಿದುವು. ಆ ಕಾಲದ ಹಾಡುಗಳನ್ನು ಕೇಳಿದರೆ ಕಂಠ ಕೆಟ್ಟಿಲ್ಲವೆಂಬುದೇ ಆಶ್ಚರ್ಯ. ಮೈ ದಪ್ಪಗಾಗಿ, ಮುಖ ಊದಿ, ನಡಿಗೆ ಇನ್ನಷ್ಟು ಕೆಟ್ಟಿದ್ದರೂ, ನಿಧಾನದ ಹಾಡೊಂದನ್ನೆತ್ತಿಕೊಂಡರೆ ಅದೇ ಹಳೆಯ ನವುರು.

1969ರಲ್ಲಿ ದೀಪ ಮತ್ತೊಮ್ಮೆ ಕುಡಿಯೊಡೆಯಿತು. ಅವನನ್ನು ಮರೆಯದಿದ್ದ ಬಿ.ಬಿ.ಸಿ.ಯ ಜಾನ್ ಪೀಲ್ ತನ್ನ ಸಣ್ಣ ಕಂಪೆನಿಯಿಂದ ಹೊಸ ಪ್ಲೇಟೊಂದನ್ನು ಮಾಡಿಸಿದನು. ತಾನು ಮರಳಿ ಬಂದಿದ್ದೇನೆ, ಅದಕ್ಕಾಗಿ ಹೆಮ್ಮೆಯಿದೆ ಎಂಬರ್ಥದ ಹೆಸರು ಅದಕ್ಕೆ. ಸೆಪ್ಟೆಂಬರ್ 13ರಂದು ಕೆನಡಾದ ಟೊರಾಂಟೊ ನಗರದ ಕ್ರೀಡಾಂಗಣದಲ್ಲಿ ಹಳೆಯ ರಾಕ್ ಗಾಯಕರ ದೊಡ್ಡ ಮೇಳ ನಡೆದಾಗ ಅವನೂ ಹಾಡಿದನು. ಹಿಮ್ಮೇಳದಲ್ಲಿದ್ದುದು ಆಲಿಸ್ ಕೂಪರ್‌ನ ತಂಡ. ಅದೇ ದಿನ ಅದೇ ವೇದಿಕೆಯ ಮೇಲೆ ಜಾನ್ ಲೆನನ್ ಕೂಡ ಇದ್ದನು. ಆ ವರ್ಷದ ಕೊನೆಯಲ್ಲಿ ಅವನು ಬ್ರಿಟನ್ನಿನಲ್ಲಿ ಪ್ರವಾಸ ಮಾಡಿದಾಗ ಬಿ.ಬಿ.ಸಿ.ಯವರು ಬೆನ್ನಹಿಂದೆಯೇ ತಿರುಗಿ ಒಂದು ಸಾಕ್ಷ್ಯಚಿತ್ರ ತೆಗೆದರು. ಅದನ್ನು ನೋಡುವುದು ಸುಲಭವಲ್ಲ. ಕೊಡಬೇಕಾದ ಹಣದ ಚೌಕಾಸಿ, ಕಾಯುವಿಕೆ, ದಣಿದ ಮೈಯನ್ನು ಎಳೆದುಕೊಂಡು ವೇದಿಕೆಯತ್ತ ಹೋಗುವ ನಡಿಗೆ. ಆಮೇಲೆ ಹಾಡು ಮೊದಲಾಗುತ್ತದೆ. ಕಣ್ಣು ಛಾವಣಿಯ ಅದೇ ಮೂಲೆಯತ್ತ ಏರುತ್ತದೆ.

1971ನೆಯ ಅಕ್ಟೋಬರ್ 1ರಂದು ಲಂಡನ್ನಿನ ಮೇಡಾ ವೇಲ್‌ನಲ್ಲಿದ್ದ ಬಿ.ಬಿ.ಸಿ.ಯ ಮುದ್ರಣ ಶಾಲೆಯಲ್ಲಿ ರೇಡಿಯೋಗಾಗಿ ಕೆಲವು ಹಾಡುಗಳನ್ನು ಹಾಡಿದನು. 'ಬಿ-ಬಾಪ್-ಎ-ಲೂಲಾ' ಅವುಗಳಲ್ಲೊಂದು. ಬಳಿಕ ಕ್ಯಾಲಿಫೋರ್ನಿಯಾಕ್ಕೆ, ಅಲ್ಲಿ ನೆಲೆಸಿದ್ದ ತಂದೆತಾಯಿಗಳ ಬಳಿಗೆ ಹೋದನು. ಹೊಟ್ಟೆಯ ಹುಣ್ಣು ಒಡೆದು ಒಳಗೇ ರಕ್ತ ಸುರಿಯಿತು. ಅಕ್ಟೋಬರ್ 12ರಂದು ಸತ್ತನು. ವಯಸ್ಸು ಮೂವತ್ತಾರು. ನ್ಯೂಹಾಲ್ ಎಂಬಲ್ಲಿನ ಸ್ಮಶಾನದಲ್ಲಿ ಅವನ ಸಮಾಧಿಯಿದೆ.

ಸತ್ತ ಮೇಲೆ ಮನ್ನಣೆಗಳು ಸಾ‌ಲಾಗಿ ಬಂದುವು. 1975ರಲ್ಲಿ ಲೆನನ್ ಆ ಹಾಡನ್ನು ತನ್ನ ಪ್ಲೇಟಿನಲ್ಲಿ ಹಾಡಿದನು. 1998ರಲ್ಲಿ ಅಮೆರಿಕದ ರಾಕ್ ಅಂಡ್ ರೋಲ್ ಕೀರ್ತಿಮಂದಿರವು ವಿನ್ಸೆಂಟನ ಹೆಸರನ್ನು ಸೇರಿಸಿಕೊಂಡಿತು. ಹಿಮ್ಮೇಳದವರನ್ನು ಮರೆತಿದ್ದ ಆ ಮಂದಿರಕ್ಕೆ ಬ್ಲೂ ಕ್ಯಾಪ್ಸ್ ತಂಡದ ನೆನಪಾದುದು 2012ರಲ್ಲಿ. ಗ್ಯಾಲಪ್ ತೀರಿಕೊಂಡು ಆಗಲೇ 24 ವರ್ಷಗಳಾಗಿದ್ದುವು.

ಕೀರ್ತಿಮಂದಿರದ ಮನ್ನಣೆಗಿಂತ ಮೊದಲು, 1977ರಲ್ಲಿ, ಇಂಗ್ಲೆಂಡಿನ ಇಯಾನ್ ಡ್ಯೂರಿ ಎಂಬ ಗಾಯಕನು ವಿನ್ಸೆಂಟನನ್ನೇ ಕುರಿತು ಒಂದು ಹಾಡನ್ನು ಕಟ್ಟಿದ್ದನು. 'ಸ್ವೀಟ್ ಜೀನ್ ವಿನ್ಸೆಂಟ್' ಎಂದು ಅದರ ಹೆಸರು. ನಿಧಾನವಾಗಿ, ಶೋಕಗೀತೆಯಂತೆ ಆರಂಭವಾಗಿ, ನಡುವೆ ಥಟ್ಟನೆ ಬ್ಲೂ ಕ್ಯಾಪ್ಸ್ ತಂಡದ ಹಳೆಯ ಓಟಕ್ಕೆ ಜಿಗಿಯುತ್ತದೆ. ಏಳನೆಯ ವಯಸ್ಸಿನಲ್ಲಿ ಡ್ಯೂರಿಗೆ ಪೋಲಿಯೋ ತಗಲಿತ್ತು. ವೇದಿಕೆಯ ಮೇಲೆ ಅವನೂ ಮೈಕಿನ ಕಂಬವನ್ನು ಹಿಡಿದು ನಿಂತೇ ಹಾಡುತ್ತಿದ್ದನು. ಅವನ ಎಡಗಾಲಿಗೂ ಕಬ್ಬಿಣದ ಪಟ್ಟಿಯಿದ್ದಿತು.